ಲಿನಕ್ಸ್‌ಗೆಂದು ಕಟ್ಟಿದ ಪ್ರೋಗ್ರಾಂ ಫ್ರೀಬಿಎಸ್‌ಡಿಯಲ್ಲಿ ಓಡಿಸುವುದು ಹೇಗೆ: ಹಂತ ಹಂತವಾಗಿ

ಲಿನಕ್ಸ್‌ಗೆಂದು ಕಟ್ಟಿದ ಪ್ರೋಗ್ರಾಂ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಓಡೀತೇ? ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಯಿದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಬಿಗೆ ಬೇಕಾದ ಯಾವುದೋ ಟೂಲ್ ಲಿನಕ್ಸ್‌ಗೆ ಮಾತ್ರ ಸಿಗುತ್ತದೆ ಎನ್ನುತ್ತಾರೆ. ಕಾಫಿ ಕ್ಯೂರಿಂಗ್ ವರ್ಕ್ಸ್, ಎಸ್ಟೇಟ್ ಆಫೀಸುಗಳಲ್ಲಿ ಕಡತ ಕಾಯಲು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇರುವ ಫ್ರೀಬಿಎಸ್‌ಡಿ ಪೆಟ್ಟಿಗೆ ಇಟ್ಟುಕೊಂಡವರಿಗೆ ತೂಕದ ಯಂತ್ರದವರು ಲಿನಕ್ಸ್ ಬೈನರಿ (ಕಂಪೈಲ್ ಆಗಿ ಓಡಲು ಸಿದ್ಧವಾದ ಕಡತ) ಕೊಟ್ಟು ಹೋಗಿರುತ್ತಾರೆ, ಸೋರ್ಸ್ ಕೋಡ್ ಕೊಟ್ಟಿರುವುದಿಲ್ಲ. ಎರಡೂ ಯುನಿಕ್ಸ್ ಜಾತಿಯವೇ ಅಲ್ಲವೇ, ನೇರ ಓಡಬಾರದೇಕೆ ಎಂಬುದು ಎಲ್ಲರ ಅನುಮಾನ. ನೇರ ಓಡುವುದಿಲ್ಲ. ಆದರೆ ಓಡಿಸುವ ದಾರಿ ಫ್ರೀಬಿಎಸ್‌ಡಿಯ ಒಳಗೇ ಇದೆ, ಸರಿಯಾದ ಕ್ರಮದಲ್ಲಿ ಹೋದರೆ ಒಂದು ಮಧ್ಯಾಹ್ನದ ಕೆಲಸ.

ಆಜ್ಞೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಗೀಟು, ಚುಕ್ಕಿ, ಓರೆಗೆರೆ ಎಲ್ಲ ಕಂಡಂತೆಯೇ ಇರಲಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಹೆಚ್ಚಿನ ಆಜ್ಞೆಗಳಿಗೆ ರೂಟ್, ಅಂದರೆ ಯಂತ್ರದ ಮೇಲ್ವಿಚಾರಕರ ಅಧಿಕಾರ ಬೇಕು.

ಮೊದಲು ತಿಳಿದಿರಬೇಕಾದದ್ದು

ಪ್ರೋಗ್ರಾಂ ಒಂದು ಕಡತ ತೆರೆಯಬೇಕು, ತೆರೆಯ ಮೇಲೆ ಬರೆಯಬೇಕು, ನೆಟ್‌ವರ್ಕಿಗೆ ಮಾತಾಡಬೇಕು ಎಂದರೆ ಕರ್ನಲ್ ಅನ್ನು ಕೇಳಬೇಕು. ಕರ್ನಲ್ ಎಂದರೆ ಯಂತ್ರಾಂಶವನ್ನು ಆಳುವ ಮೂಲ ತಂತ್ರಾಂಶ. ಹೀಗೆ ಕೇಳುವುದಕ್ಕೆ ಸಿಸ್ಟಂ ಕಾಲ್ ಎನ್ನುತ್ತಾರೆ. ಪ್ರತಿ ಸಿಸ್ಟಂ ಕಾಲ್‌ಗೂ ಒಂದು ಸಂಖ್ಯೆಯಿದೆ, ಪ್ರೋಗ್ರಾಂ ಹೇಳುವುದು ಆ ಸಂಖ್ಯೆಯನ್ನೇ ಹೊರತು ಹೆಸರನ್ನಲ್ಲ. ತೊಡಕು ಹುಟ್ಟುವುದು ಇಲ್ಲೇ.

64 ಬಿಟ್ ಇಂಟೆಲ್, ಎಎಂಡಿ ಯಂತ್ರದ ಲಿನಕ್ಸ್‌ನಲ್ಲಿ 1 ಎಂದರೆ ‘ಬರೆ’. ಫ್ರೀಬಿಎಸ್‌ಡಿಯಲ್ಲಿ 1 ಎಂದರೆ ‘ಪ್ರೋಗ್ರಾಂ ಮುಗಿಸು’, ಅಲ್ಲಿ ‘ಬರೆ’ಯ ಸಂಖ್ಯೆ 4. ಲಿನಕ್ಸ್‌ನ 2 ಕಡತ ತೆರೆಯುತ್ತದೆ, ಫ್ರೀಬಿಎಸ್‌ಡಿಯ 2 ಹೊಸ ಪ್ರೊಸೆಸ್ ಹುಟ್ಟಿಸುತ್ತದೆ. ಅನುವಾದವಿಲ್ಲದೆ ಲಿನಕ್ಸ್ ಪ್ರೋಗ್ರಾಂ ಇಲ್ಲಿ ಓಡಿದರೆ ಮೊದಲ ಸಾಲು ಮುದ್ರಿಸಲು ಹೋಗಿ ತಾನೇ ನಿಂತುಹೋಗುತ್ತದೆ.

ಸಂಖ್ಯೆಯಷ್ಟೇ ಅಲ್ಲ, ಉತ್ತರದ ರೂಪವೂ ಬೇರೆ. ತಪ್ಪಾದಾಗ ಲಿನಕ್ಸ್ ಕರ್ನಲ್ ದೋಷಸಂಖ್ಯೆಯನ್ನು ಋಣ ಚಿಹ್ನೆ ಹಾಕಿ ಹಿಂದಿರುಗಿಸುತ್ತದೆ. ಫ್ರೀಬಿಎಸ್‌ಡಿ ಪ್ರೊಸೆಸರ್‌ನ ಕ್ಯಾರಿ ಫ್ಲ್ಯಾಗ್ ಎಂಬ ಗುರುತನ್ನು ಎತ್ತಿ ಧನಸಂಖ್ಯೆ ಕೊಡುತ್ತದೆ. ‘ಈಗ ಆಗದು, ಮತ್ತೆ ಪ್ರಯತ್ನಿಸು’ ಎಂಬ ದೋಷ ಲಿನಕ್ಸ್‌ನಲ್ಲಿ 11, ಫ್ರೀಬಿಎಸ್‌ಡಿಯಲ್ಲಿ 35. ಲಿನಕ್ಸ್‌ನ 35ಕ್ಕೆ ‘ಡೆಡ್‌ಲಾಕ್’ ಎಂಬ ಅರ್ಥ. ಸಿಗ್ನಲ್ (ಪ್ರೋಗ್ರಾಂಗೆ ಹೋಗುವ ಸೂಚನೆ) 10 ಲಿನಕ್ಸ್‌ನಲ್ಲಿ ಬಳಕೆದಾರರಿಗೆಂದು ಬಿಟ್ಟದ್ದು, ಫ್ರೀಬಿಎಸ್‌ಡಿಯಲ್ಲಿ ಬಸ್ ದೋಷ. ಐಪಿ ಆರನೇ ಆವೃತ್ತಿಯ ವಿಳಾಸ ಕುಟುಂಬಕ್ಕೆ ಇಲ್ಲಿ 28, ಅಲ್ಲಿ 10. ಇವನ್ನೆಲ್ಲ ಕ್ಷಣಕ್ಷಣಕ್ಕೂ ತಿರುಗಿಸಿ ಕೊಡುವ ಪದರವೇ ಲಿನಕ್ಸ್ಯುಲೇಟರ್. ಇದು ಫ್ರೀಬಿಎಸ್‌ಡಿ ಕರ್ನಲ್‌ನ ಒಳಗೇ ಕೂತ ಮಾಡ್ಯೂಲ್. ಬೇರೆ ಯಂತ್ರವನ್ನು ನಟಿಸುವುದಿಲ್ಲ, ವರ್ಚುವಲ್ ಮೆಷಿನ್ ಅಲ್ಲ, ಹಾಗಾಗಿ ವೇಗದಲ್ಲಿ ಹೆಚ್ಚು ಕಳೆದುಕೊಳ್ಳುವುದಿಲ್ಲ.

ಹೊಂದಾಣಿಕೆಯಲ್ಲಿ ಮೂರು ಮಟ್ಟವಿದೆ. ಸೋರ್ಸ್ ಮಟ್ಟದಲ್ಲಿ ಪೋಸಿಕ್ಸ್ ಎಂಬ ಸಮಾನ ಮಾನಕವಿದೆ, ಅದೇ ಕೋಡನ್ನು ಇಲ್ಲಿ ಮತ್ತೆ ಕಂಪೈಲ್ ಮಾಡಬಹುದು. ಬೈನರಿ ಮಟ್ಟದಲ್ಲಿ ಮೇಲೆ ಹೇಳಿದ ಪದರ ಬೇಕು. ಡ್ರೈವರ್ ಮಟ್ಟದಲ್ಲಿ ಸಿದ್ಧ ಬೈನರಿ ಓಡಿಸುವ ಪದರವಿಲ್ಲ. ಲಿನಕ್ಸ್‌ಗೆ ಕಟ್ಟಿದ ಕರ್ನಲ್ ಮಾಡ್ಯೂಲ್, ಅಂದರೆ ಚುಕ್ಕಿ ಕೆಓ ಎಂದು ಕೊನೆಯಾಗುವ ಕಡತ, ಫ್ರೀಬಿಎಸ್‌ಡಿಯಲ್ಲಿ ಯಾವ ಕಾಲಕ್ಕೂ ಹತ್ತುವುದಿಲ್ಲ. ನಿಮ್ಮ ಪ್ರೋಗ್ರಾಂ ಜೊತೆ ಅಂಥ ಕಡತ, ಅಥವಾ ಅದನ್ನು ಬೇಡುವ ಲೈಸೆನ್ಸ್ ಡಾಂಗಲ್ (ಪರವಾನಗಿ ಕಾಯುವ ಯುಎಸ್‌ಬಿ ಕಡ್ಡಿ) ಬಂದಿದ್ದರೆ ನೇರ ಈ ಲೇಖನದ ಕೊನೆಯ ಭಾಗಕ್ಕೆ ಹೋಗಿ.

ಬೇಕಾದದ್ದು

ಫ್ರೀಬಿಎಸ್‌ಡಿ 14 ಸರಣಿಯ 64 ಬಿಟ್ ಯಂತ್ರ, 4 ಜಿಬಿ ಮೆಮೊರಿ, 5 ಜಿಬಿ ಖಾಲಿ ಜಾಗ, ಕೆಲವು ನೂರು ಎಂಬಿ ಡೌನ್‌ಲೋಡ್ ಆಗುವಷ್ಟು ಇಂಟರ್ನೆಟ್. ಮೂಡಿಗೆರೆ, ಸಕಲೇಶಪುರದ ಒಳಗಿನ ಎಸ್ಟೇಟುಗಳಲ್ಲಿ ನೆಟ್ ಸರಿಯಿಲ್ಲದಿದ್ದರೆ ಪೇಟೆಯಲ್ಲೇ ಡೌನ್‌ಲೋಡ್ ಮುಗಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯುವ ದಾರಿ ನಾಲ್ಕನೇ ಹಂತದಲ್ಲಿದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಆ ಹಂತಕ್ಕೆ ಕೈ ಹಾಕಬೇಡಿ.

ಹಂತ 1: ಬೈನರಿ ನಿಜಕ್ಕೂ ಬೇಕೇ ನೋಡಿ

ಮೊದಲು ಫ್ರೀಬಿಎಸ್‌ಡಿಯ ಪ್ಯಾಕೇಜ್ ಭಂಡಾರದಲ್ಲಿ ಹುಡುಕಿ:

ಪಿಕೆಜಿ ಸರ್ಚ್ ಹೆಸರು

ಕೇಳುವವರಲ್ಲಿ ಅನೇಕರಿಗೆ ಬೇಕಾದದ್ದು ಇಲ್ಲೇ ಸಿಗುತ್ತದೆ. ಸಿಗದೆ ಸೋರ್ಸ್ ಕೋಡ್ ಇದ್ದರೆ ಕಂಪೈಲ್ ಮಾಡಿ ನೋಡಿ, ಬೈನರಿಗಿಂತ ಅದು ಯಾವಾಗಲೂ ಮೇಲು. ಮುಗ್ಗರಿಸುವ ಜಾಗಗಳು ಸಾಮಾನ್ಯವಾಗಿ ಇವು. ಮೇಕ್ ಎಂದರೆ ಇಲ್ಲಿ ಬಿಎಸ್‌ಡಿ ಮೇಕ್, ಲಿನಕ್ಸ್‌ಗೆ ಬರೆದ ಮೇಕ್‌ಫೈಲ್‌ಗೆ ಜಿಮೇಕ್ ಹಾಕಿಕೊಳ್ಳಬೇಕು. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ /ಬಿನ್/ಬ್ಯಾಶ್ ಎಂದಿದ್ದರೆ ಓಡದು, ಏಕೆಂದರೆ ಬ್ಯಾಶ್ ಇಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಒಳಗಿರುತ್ತದೆ. ಆ ಸಾಲನ್ನು /ಯುಎಸ್‌ಆರ್/ಬಿನ್/ಇಎನ್‌ವಿ ಬ್ಯಾಶ್ ಎಂದು ಬದಲಿಸಿ. ಸೆಡ್‌ನ -ಐ ಆಯ್ಕೆಗೆ ಇಲ್ಲಿ ಬ್ಯಾಕಪ್ ಹೆಸರಿನ ಜಾಗದಲ್ಲಿ ಏನಾದರೂ ಕೊಡಲೇಬೇಕು, ಬೇಡದಿದ್ದರೆ ಖಾಲಿ ಉದ್ಧರಣ ಚಿಹ್ನೆ ಕೊಡಿ. ಕೋಡ್ ಈಪೋಲ್ (ಅನೇಕ ಸಂಪರ್ಕಗಳನ್ನು ಒಟ್ಟಿಗೆ ಕಾಯುವ ಲಿನಕ್ಸ್ ಸೌಲಭ್ಯ) ಬಳಸಿದ್ದರೆ ಈಪೋಲ್-ಶಿಮ್ ಎಂಬ ಲೈಬ್ರರಿ ಆ ಕರೆಗಳನ್ನು ಫ್ರೀಬಿಎಸ್‌ಡಿಯ ಕೆಕ್ಯೂಗೆ ತಿರುಗಿಸಿ ಕೊಡುತ್ತದೆ.

ಹಂತ 2: ಕಡತದ ಜಾತಕ ಓದಿ

ಫೈಲ್ ./ತೂಕ

ಎಂದು ಕೊಟ್ಟು (ತೂಕ ಎಂಬಲ್ಲಿ ನಿಮ್ಮ ಕಡತದ ಹೆಸರು) ಉತ್ತರದಲ್ಲಿ ಮೂರು ವಿಷಯ ನೋಡಿ.

ಒಂದು, ಪ್ರೊಸೆಸರ್. ಎಕ್ಸ್86-64 ಎಂದಿರಬೇಕು. ಎಆರ್‌ಎಂ ಎಂದಿದ್ದರೆ ಅದು ರಾಸ್ಪ್‌ಬೆರಿ ಪೈಯಂಥ ಬೋರ್ಡಿಗೆ ಕಟ್ಟಿದ್ದು, ನಿಮ್ಮ ಇಂಟೆಲ್ ಪೆಟ್ಟಿಗೆಗೆ ಲಿನಕ್ಸ್ಯುಲೇಟರ್ ಹಾಕಿ ಪ್ರಯೋಜನವಿಲ್ಲ. ಕೊಟ್ಟವರನ್ನೇ ಕೇಳಿ ಸರಿಯಾದದ್ದು ತರಿಸಿ.

ಎರಡು, ಡೈನಾಮಿಕ್ ಅಥವಾ ಸ್ಟ್ಯಾಟಿಕ್. ಡೈನಾಮಿಕ್ ಎಂದರೆ ಹೊರಗಿನ ಲೈಬ್ರರಿಗಳನ್ನು ನೆಚ್ಚಿದ್ದು, ಸ್ಟ್ಯಾಟಿಕ್ ಎಂದರೆ ಎಲ್ಲವನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡದ್ದು. ಗೋ ಭಾಷೆಯ ಬೈನರಿಗಳು ಬಹುಪಾಲು ಸ್ಟ್ಯಾಟಿಕ್. ಅಂಥದ್ದಕ್ಕೆ ನಾಲ್ಕನೇ ಹಂತ ಬೇಕಾಗದೆಯೂ ಇರಬಹುದು, ಮೂರು ಮುಗಿಸಿ ಓಡಿಸಿ ನೋಡಿ.

ಮೂರು, ಇಂಟರ್‌ಪ್ರಿಟರ್ (ಇಲ್ಲಿ ಲೈಬ್ರರಿ ಜೋಡಿಸುವ ಲೋಡರ್) ಎಂಬ ಮಾತಿನ ಮುಂದಿನ ದಾರಿ. /ಲಿಬ್64/ಎಲ್‌ಡಿ-ಲಿನಕ್ಸ್ ಎಂದು ಶುರುವಾದರೆ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ ಬಳಸುವ ಡೆಬಿಯನ್, ಉಬುಂಟು, ರೆಡ್‌ಹ್ಯಾಟ್ ಬಗೆಯದು. ಎಲ್‌ಡಿ-ಮಸಲ್ ಎಂದಿದ್ದರೆ ಆಲ್ಪೈನ್ ಲಿನಕ್ಸ್‌ಗೆ ಕಟ್ಟಿದ್ದು, ಕೆಳಗೆ ಹೇಳುವ ಉಬುಂಟು ಲೈಬ್ರರಿಗಳು ಅದಕ್ಕೆ ಹೊಂದುವುದಿಲ್ಲ.

ಹಂತ 3: ಪದರವನ್ನು ಎಬ್ಬಿಸಿ

ಸಿಸ್‌ಆರ್‌ಸಿ ಲಿನಕ್ಸ್_ಎನೇಬಲ್="ಯೆಸ್"
ಸರ್ವಿಸ್ ಲಿನಕ್ಸ್ ಸ್ಟಾರ್ಟ್

ಯೆಸ್ ಎಂಬುದು ದೊಡ್ಡಕ್ಷರ. ಆಮೇಲೆ ಕೆಎಲ್‌ಡಿಸ್ಟ್ಯಾಟ್ ಕೊಟ್ಟರೆ ಪಟ್ಟಿಯಲ್ಲಿ ಲಿನಕ್ಸ್, ಲಿನಕ್ಸ್64, ಲಿನಕ್ಸ್_ಕಾಮನ್ ಕಾಣಬೇಕು. ಮೊದಲಿನದು 32 ಬಿಟ್ ಪ್ರೋಗ್ರಾಂಗಳಿಗೆ, ಎರಡನೆಯದು 64 ಬಿಟ್‌ಗೆ.

ಕೆಲವರು ಸರ್ವಿಸ್ ಬಿಟ್ಟು ಕೆಎಲ್‌ಡಿಲೋಡ್ ಮೂಲಕ ಮಾಡ್ಯೂಲನ್ನಷ್ಟೇ ಹತ್ತಿಸುತ್ತಾರೆ. ಹಾಗೆ ಮಾಡಬೇಡಿ. ಸರ್ವಿಸ್‌ನ ಸ್ಕ್ರಿಪ್ಟ್ ಇನ್ನೂ ಎರಡು ಕೆಲಸ ಮಾಡುತ್ತದೆ: /ಕಂಪ್ಯಾಟ್/ಲಿನಕ್ಸ್ ಕೆಳಗೆ ಪ್ರೊಕ್, ಸಿಸ್ ಮುಂತಾದವನ್ನು ಮೌಂಟ್ ಮಾಡುತ್ತದೆ (ಡೈರೆಕ್ಟರಿಗೆ ಜೋಡಿಸುತ್ತದೆ), ಜೊತೆಗೆ ಕರ್ನ್.ಎಲ್ಫ್64.ಫಾಲ್‌ಬ್ಯಾಕ್_ಬ್ರ್ಯಾಂಡ್ ಎಂಬ ಗುಂಡಿಯನ್ನು 3ಕ್ಕೆ ಇಡುತ್ತದೆ. ಎಲ್ಫ್ ಎಂದರೆ ಈ ವ್ಯವಸ್ಥೆಗಳು ಬೈನರಿ ಇಡುವ ವಿನ್ಯಾಸ. ಎಲ್ಫ್ ಕಡತದ ತಲೆಯಲ್ಲಿ, ಸೊನ್ನೆಯಿಂದ ಎಣಿಸಿದರೆ ಏಳನೇ ಬೈಟ್, ‘ನಾನು ಯಾವ ವ್ಯವಸ್ಥೆಯವನು’ ಎಂದು ಹೇಳುತ್ತದೆ. 3 ಎಂದರೆ ಲಿನಕ್ಸ್, 9 ಎಂದರೆ ಫ್ರೀಬಿಎಸ್‌ಡಿ. ಲಿನಕ್ಸ್ ಕಂಪೈಲರ್‌ಗಳು ಅನೇಕ ಸಲ ಅಲ್ಲಿ 0 ಬಿಟ್ಟಿರುತ್ತವೆ. ಆಗ ಫ್ರೀಬಿಎಸ್‌ಡಿ ಇಂಟರ್‌ಪ್ರಿಟರ್ ದಾರಿ ನೋಡಿ ಊಹಿಸುತ್ತದೆ. ಸ್ಟ್ಯಾಟಿಕ್ ಬೈನರಿಗೆ ಇಂಟರ್‌ಪ್ರಿಟರೇ ಇಲ್ಲದ್ದರಿಂದ ಆ ಊಹೆಗೂ ಆಸರೆ ಇರುವುದಿಲ್ಲ, ಆಗ ನೆರವಿಗೆ ಬರುವುದು ಈ ಗುಂಡಿ.

ಹಂತ 4: ಲಿನಕ್ಸ್‌ನ ಲೈಬ್ರರಿಗಳನ್ನು ತನ್ನಿ

ಪದರ ಕೊಡುವುದು ಕರ್ನಲ್ ಮುಖವನ್ನು ಮಾತ್ರ. ಪ್ರೋಗ್ರಾಂ ನೆಚ್ಚುವ ಜಿಲಿಬ್‌ಸಿ ಮುಂತಾದ ಲೈಬ್ರರಿಗಳನ್ನು ನೀವೇ ತರಬೇಕು. ದಾರಿ ಎರಡು.

ಸಣ್ಣ ಪ್ರೋಗ್ರಾಂಗೆ ಫ್ರೀಬಿಎಸ್‌ಡಿ ಭಂಡಾರದ ಲಿನಕ್ಸ್_ಬೇಸ್-ಆರ್‌ಎಲ್9 ಪ್ಯಾಕೇಜ್ ಸಾಕಾಗಬಹುದು. ಅದು ರಾಕಿ ಲಿನಕ್ಸ್ 9ರ ಲೈಬ್ರರಿಗಳನ್ನು /ಕಂಪ್ಯಾಟ್/ಲಿನಕ್ಸ್ ಒಳಗೆ ಇಡುತ್ತದೆ. ಹಳೆಯ ಲೇಖನಗಳಲ್ಲಿ ಕಾಣುವ ಸಿ7 ಪ್ಯಾಕೇಜ್ ಸೆಂಟೋಸ್ 7ರದು. ಸೆಂಟೋಸ್ 7 ಜೂನ್ 2024ಕ್ಕೆ ಮುಗಿದಿದೆ, ಅದರ ಜಿಲಿಬ್‌ಸಿ 2.17 ಇಂದಿನ ಬೈನರಿಗಳಿಗೆ ಸಾಲದು. ಅದರ ಗೊಡವೆಗೆ ಹೋಗಬೇಡಿ.

ಹತ್ತಾರು ಲೈಬ್ರರಿ ಬೇಡುವ ಪ್ರೋಗ್ರಾಂಗೆ ಎರಡನೇ ದಾರಿಯೇ ಒಳ್ಳೆಯದು: ಇಡೀ ಉಬುಂಟು 22.04ರ ಮೂಲ ಕಡತಗಳನ್ನು ಒಂದು ಡೈರೆಕ್ಟರಿಯಲ್ಲಿ ಇಳಿಸುವುದು. ಜ್ಯಾಮಿ ಎಂಬುದು ಆ ಆವೃತ್ತಿಯ ಹೆಸರು, ಅದರ ಜಿಲಿಬ್‌ಸಿ 2.35. ಕರ್ನಲ್ ಮಾತ್ರ ಫ್ರೀಬಿಎಸ್‌ಡಿಯದೇ ಇರುತ್ತದೆ.

ಝಡ್‌ಎಫ್‌ಎಸ್ ಕ್ರಿಯೇಟ್ -ಓ ಮೌಂಟ್‌ಪಾಯಿಂಟ್=/ಕಂಪ್ಯಾಟ್/ಉಬುಂಟು ಝಡ್‌ರೂಟ್/ಉಬುಂಟು
ಪಿಕೆಜಿ ಇನ್‌ಸ್ಟಾಲ್ ಡಿಬೂಟ್‌ಸ್ಟ್ರ್ಯಾಪ್
ಡಿಬೂಟ್‌ಸ್ಟ್ರ್ಯಾಪ್ ಜ್ಯಾಮಿ /ಕಂಪ್ಯಾಟ್/ಉಬುಂಟು

ಝಡ್‌ಎಫ್‌ಎಸ್ ಇಲ್ಲದವರು ಮೊದಲ ಸಾಲಿನ ಬದಲು ಖಾಲಿ ಡೈರೆಕ್ಟರಿ ಮಾಡಿಕೊಂಡರೆ ಸಾಕು. ಡಿಬೂಟ್‌ಸ್ಟ್ರ್ಯಾಪ್ (ಡಿ, ಇ ಆದ ಮೇಲೆ ಬೂಟ್‌ಸ್ಟ್ರ್ಯಾಪ್ ಎಂದು ಟೈಪ್ ಮಾಡಿ) ತನ್ನ ಕೊನೆಯ ಭಾಗದಲ್ಲಿ ಇಳಿಸಿದ ಲಿನಕ್ಸ್ ಬೈನರಿಗಳನ್ನೇ ಓಡಿಸುತ್ತದೆ. ಮೂರನೇ ಹಂತ ಬಿಟ್ಟು ಬಂದವರಿಗೆ ಅಲ್ಲೇ ನಿಂತುಹೋಗುತ್ತದೆ.

ನೆಟ್ ದುರ್ಬಲವಿದ್ದರೆ ಪೇಟೆಯಲ್ಲಿರುವ ಇನ್ನೊಂದು ಯಂತ್ರದಲ್ಲಿ ಇದೇ ಆಜ್ಞೆಗೆ --ಮೇಕ್-ಟಾರ್‌ಬಾಲ್= ಸೇರಿಸಿ ಎಲ್ಲ ಪ್ಯಾಕೇಜನ್ನೂ ಒಂದೇ ಕಡತವಾಗಿ ಕಟ್ಟಿ. ಎಸ್ಟೇಟ್ ಯಂತ್ರದಲ್ಲಿ --ಅನ್‌ಪ್ಯಾಕ್-ಟಾರ್‌ಬಾಲ್= ಕೊಡಿ. ಸಮ ಚಿಹ್ನೆಯ ಮುಂದೆ ಕಡತದ ಪೂರ್ತಿ ದಾರಿ, ಓರೆಗೆರೆಯಿಂದ ಶುರುಮಾಡಿ, ಇರಬೇಕು. ಬರೀ ಹೆಸರು ಕೊಟ್ಟರೆ ಒಪ್ಪುವುದಿಲ್ಲ.

ನಡುವೆ ಕರೆಂಟ್ ಹೋದರೆ ಅರ್ಧ ಇಳಿದದ್ದರ ಮೇಲೆಯೇ ಮತ್ತೆ ಓಡಿಸಬೇಡಿ. ಡೈರೆಕ್ಟರಿ ಖಾಲಿ ಮಾಡಿ ಹೊಸದಾಗಿ ಶುರುಮಾಡಿ. ಅರ್ಧ ಸಜ್ಜಾದ ಪ್ಯಾಕೇಜುಗಳು ಮುಂದೆ ಕಾರಣ ಸಿಗದ ದೋಷಗಳನ್ನು ಕೊಡುತ್ತವೆ.

ಇಳಿದ ಮೇಲೆ ಒಂದು ತಿದ್ದುಪಡಿ. /ಕಂಪ್ಯಾಟ್/ಉಬುಂಟು/ಇಟಿಸಿ/ಎಪಿಟಿ/ಎಪಿಟಿ.ಕಾನ್ಫ್.ಡಿ ಒಳಗೆ 00ಆಪ್ಟಿಟ್ಯೂಡ್ ಎಂಬ ಕಡತ ಮಾಡಿ, ಅದರಲ್ಲಿ ಒಂದೇ ಸಾಲು ಬರೆಯಿರಿ:

ಎಪಿಟಿ::ಕ್ಯಾಶ್-ಸ್ಟಾರ್ಟ್ 251658240;

ಎಪಿಟಿ ಮೂರಕ್ಷರವೂ ದೊಡ್ಡದು, ಕ್ಯಾಶ್‌ನ ಸಿ, ಸ್ಟಾರ್ಟ್‌ನ ಎಸ್ ದೊಡ್ಡದು. ಇದಿಲ್ಲದಿದ್ದರೆ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಎಪಿಟಿ ‘ಡೈನಾಮಿಕ್ ಎಂಮ್ಯಾಪ್ ರ‍್ಯಾನ್ ಔಟ್ ಆಫ್ ರೂಮ್’ ಎಂದು ಕೈಚೆಲ್ಲುತ್ತದೆ. ಎಪಿಟಿ ತನ್ನ ಸಂಗ್ರಹಕ್ಕೆ ಮೆಮೊರಿ ತುಣುಕೊಂದನ್ನು ಹಿಡಿದು ಬೇಕಾದಂತೆ ಹಿಗ್ಗಿಸಲು ಎಂರೀಮ್ಯಾಪ್ ಎಂಬ ಸಿಸ್ಟಂ ಕಾಲ್ ಬಳಸುತ್ತದೆ. ಲಿನಕ್ಸ್ಯುಲೇಟರ್‌ನ ಎಂರೀಮ್ಯಾಪ್ ತುಣುಕನ್ನು ಕುಗ್ಗಿಸಬಲ್ಲದು, ಹಿಗ್ಗಿಸಲಾರದು. ಅದಕ್ಕೇ ಮೊದಲೇ 240 ಎಂಬಿ ಹಿಡಿಯಲು ಹೇಳುತ್ತಿದ್ದೇವೆ. ಕರ್ನಲ್ ಹೊಂದಾಣಿಕೆಯ ಕೊರತೆ ಹೇಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಇಲ್ಲ: ಕಾಲ್ ಇದೆ, ಹೆಸರಿದೆ, ಅರ್ಧ ಕೆಲಸವಷ್ಟೇ ಇದೆ.

ಹಂತ 5: ಮೌಂಟ್‌ಗಳು

/ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದ ಕೊನೆಗೆ ಈ ಸಾಲುಗಳನ್ನು ಇದೇ ಕ್ರಮದಲ್ಲಿ ಸೇರಿಸಿ:

ಡೆವ್‌ಎಫ್‌ಎಸ್ /ಕಂಪ್ಯಾಟ್/ಉಬುಂಟು/ಡೆವ್ ಡೆವ್‌ಎಫ್‌ಎಸ್ ಆರ್‌ಡಬ್ಲ್ಯು,ಲೇಟ್ 0 0
ಟಿಎಂಪಿಎಫ್‌ಎಸ್ /ಕಂಪ್ಯಾಟ್/ಉಬುಂಟು/ಡೆವ್/ಎಸ್‌ಎಚ್‌ಎಂ ಟಿಎಂಪಿಎಫ್‌ಎಸ್ ಆರ್‌ಡಬ್ಲ್ಯು,ಲೇಟ್,ಸೈಜ್=256ಎಂ,ಮೋಡ್=1777 0 0
ಎಫ್‌ಡೆಸ್ಕ್‌ಎಫ್‌ಎಸ್ /ಕಂಪ್ಯಾಟ್/ಉಬುಂಟು/ಡೆವ್/ಎಫ್‌ಡಿ ಎಫ್‌ಡೆಸ್ಕ್‌ಎಫ್‌ಎಸ್ ಆರ್‌ಡಬ್ಲ್ಯು,ಲೇಟ್,ಲಿನ್‌ಆರ್‌ಡಿಎಲ್‌ಎನ್‌ಕೆ 0 0
ಲಿನ್‌ಪ್ರೊಕ್‌ಎಫ್‌ಎಸ್ /ಕಂಪ್ಯಾಟ್/ಉಬುಂಟು/ಪ್ರೊಕ್ ಲಿನ್‌ಪ್ರೊಕ್‌ಎಫ್‌ಎಸ್ ಆರ್‌ಡಬ್ಲ್ಯು,ಲೇಟ್ 0 0
ಲಿನ್‌ಸಿಸ್‌ಎಫ್‌ಎಸ್ /ಕಂಪ್ಯಾಟ್/ಉಬುಂಟು/ಸಿಸ್ ಲಿನ್‌ಸಿಸ್‌ಎಫ್‌ಎಸ್ ಆರ್‌ಡಬ್ಲ್ಯು,ಲೇಟ್ 0 0

ಮೌಂಟ್ -ಎಎಲ್ ಕೊಟ್ಟರೆ ಎಲ್ಲವೂ ಹತ್ತಬೇಕು. ಲಿನಕ್ಸ್ ಪ್ರೋಗ್ರಾಂಗಳು ಪ್ರೊಸೆಸರ್, ಮೆಮೊರಿ, ತಮ್ಮದೇ ದಾರಿ ಎಲ್ಲವನ್ನೂ ಪ್ರೊಕ್ ಡೈರೆಕ್ಟರಿಯಿಂದ ಓದಿಕೊಳ್ಳುತ್ತವೆ. ಸಿಸ್ಟಂ ಕಾಲ್ ಎಲ್ಲ ಸರಿಯಿದ್ದೂ ಪ್ರೋಗ್ರಾಂ ಸದ್ದಿಲ್ಲದೆ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅನೇಕರು ಇಲ್ಲಿಗೆ ಹೋಮ್ ಡೈರೆಕ್ಟರಿಯನ್ನೂ ನಲ್‌ಎಫ್‌ಎಸ್ ಮೂಲಕ ಸೇರಿಸುತ್ತಾರೆ. ನಲ್‌ಎಫ್‌ಎಸ್ ಎಂದರೆ ಒಂದೇ ಡೈರೆಕ್ಟರಿಯನ್ನು ಇನ್ನೊಂದು ಜಾಗದಲ್ಲೂ ಕಾಣುವಂತೆ ಮಾಡುವುದು. ಹಾಗೆ ಸೇರಿಸಿದವರು ಉಬುಂಟು ಡೈರೆಕ್ಟರಿ ಅಳಿಸುವ ಮುನ್ನ ತಪ್ಪದೆ ಅನ್‌ಮೌಂಟ್ ಮಾಡಿ. ಮೌಂಟ್ ಇರುವಾಗಲೇ ಆರ್‌ಎಂ -ಆರ್‌ಎಫ್ ಕೊಟ್ಟರೆ ಅಳಿಯುವುದು ಪ್ರತಿಯಲ್ಲ, ನಿಮ್ಮ ನಿಜವಾದ ಹೋಮ್, ಅದರೊಳಗಿನ ಲೆಕ್ಕಪತ್ರ ಸಮೇತ. ತೂಕದ ಪ್ರೋಗ್ರಾಂಗೆ ಹೋಮ್ ಪೂರ್ತಿ ಕಾಣಬೇಕಾಗಿಲ್ಲ. ಬೇಕಾದ ಒಂದು ಡೈರೆಕ್ಟರಿಯನ್ನಷ್ಟೇ ಕೊಡಿ. ಇನ್ನು ಮುಂದುವರಿಯುವ ಮೊದಲು ಸ್ನ್ಯಾಪ್‌ಶಾಟ್ (ಈ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡಿ:

ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ಝಡ್‌ರೂಟ್/ಉಬುಂಟು@ಮೊದಲು

ಹಂತ 6: ಓಡಿಸಿ, ದೋಷ ಓದಿ

ಚ್‌ರೂಟ್ /ಕಂಪ್ಯಾಟ್/ಉಬುಂಟು /ಬಿನ್/ಬ್ಯಾಶ್

ಚ್‌ರೂಟ್ ಎಂದರೆ ಆ ಡೈರೆಕ್ಟರಿಯನ್ನೇ ಬೇರು ಎಂದು ನಂಬಿಸಿ ಒಳಗೆ ಕೂರಿಸುವುದು (ಸಿ, ಎಚ್ ಆದ ಮೇಲೆ ರೂಟ್ ಎಂದು ಟೈಪ್ ಮಾಡಿ). ಒಳಗೆ ಯುನೇಮ್ -ಎ ಕೊಟ್ಟರೆ ಲಿನಕ್ಸ್ ಎಂದು ಉತ್ತರ ಬರಬೇಕು. ಈಗ ನಿಮ್ಮ ಪ್ರೋಗ್ರಾಂ ಓಡಿಸಿ (ಕಡತವನ್ನು ಹೊರಗಿನಿಂದ /ಕಂಪ್ಯಾಟ್/ಉಬುಂಟು/ಓಪಿಟಿ ಒಳಗೆ ಮೊದಲೇ ನಕಲಿಸಿರಬೇಕು). ಓಡದಿದ್ದರೆ ಗಾಬರಿಯಿಂದ ಎಲ್ಲ ಕಿತ್ತು ಮತ್ತೆ ಹಾಕಬೇಡಿ. ದೋಷದ ಮಾತೇ ಯಾವ ಪದರದಲ್ಲಿ ಕೆಟ್ಟಿದೆ ಎಂದು ಹೇಳುತ್ತದೆ, ಹೊರಗಿನಿಂದ ಒಳಕ್ಕೆ ಒಂದೊಂದೇ ನೋಡಿಕೊಂಡು ಹೋಗಿ.

‘ಎಲ್ಫ್ ಬೈನರಿ ಟೈಪ್ "0" ನಾಟ್ ನೋನ್’ ಎಂದರೆ ಕಡತ ಯಾರದೆಂದು ಕರ್ನಲ್‌ಗೆ ತಿಳಿಯಲಿಲ್ಲ. ಮೂರನೇ ಹಂತ ಸರಿಯಾಗಿಲ್ಲ. ಆಗಿದ್ದೂ ಹೀಗೇ ಬಂದರೆ ಚ್‌ರೂಟ್ ಹೊರಗಿನಿಂದ ಬ್ರ್ಯಾಂಡೆಲ್ಫ್ -ಟಿ ಲಿನಕ್ಸ್ ಎಂದು ಕೊಟ್ಟು ಮುಂದೆ ಕಡತದ ದಾರಿ ಬರೆಯಿರಿ. ಲಿನಕ್ಸ್‌ನ ಎಲ್ ದೊಡ್ಡಕ್ಷರ. ಇದು ಕಡತದ ಆ ಏಳನೇ ಬೈಟನ್ನೇ ಬದಲಿಸುವುದರಿಂದ ಮೊದಲು ಪ್ರತಿ ತೆಗೆದಿಡಿ. ತನ್ನ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ತಾನೇ ಪರೀಕ್ಷಿಸಿಕೊಳ್ಳುವ ಪ್ರೋಗ್ರಾಂ ಆದರೆ ಬದಲಾದ ಕಡತವನ್ನು ಒಪ್ಪದೆ ಇರಬಹುದು.

‘ಎಲ್ಫ್ ಇಂಟರ್‌ಪ್ರಿಟರ್ … ನಾಟ್ ಫೌಂಡ್’ ಎಂದರೆ ಕರ್ನಲ್‌ಗೆ ಅದು ಲಿನಕ್ಸ್‌ನದೆಂದು ತಿಳಿಯಿತು, ಲೈಬ್ರರಿ ಜೋಡಿಸುವ ಲೋಡರ್ ಸಿಗಲಿಲ್ಲ. ಬಹುಶಃ ನೀವು ಚ್‌ರೂಟ್ ಹೊರಗೆ ನಿಂತು ಓಡಿಸಿದ್ದೀರಿ.

‘ಜಿಲಿಬ್‌ಸಿ_2.38 ನಾಟ್ ಫೌಂಡ್’ ಎಂಬ ಬಗೆಯದು ಬಂದರೆ ಬೈನರಿಯನ್ನು ಜ್ಯಾಮಿಗಿಂತ ಹೊಸ ಲಿನಕ್ಸ್‌ನಲ್ಲಿ ಕಟ್ಟಿದ್ದಾರೆ. ಜಿಲಿಬ್‌ಸಿ ಕಡತವೊಂದನ್ನೇ ಬೇರೆಡೆಯಿಂದ ತಂದು ತುರುಕಬೇಡಿ, ಒಳಗಿನ ಬ್ಯಾಶ್, ಎಲ್‌ಎಸ್ ಎಲ್ಲವೂ ಅದರ ಮೇಲೇ ನಿಂತಿರುವುದರಿಂದ ಇಡೀ ಚ್‌ರೂಟ್ ಕುಸಿಯುತ್ತದೆ. ಹಳೆಯ ಲಿನಕ್ಸ್‌ನಲ್ಲಿ ಕಟ್ಟಿದ ಬೈನರಿ ಕೇಳಿ ಪಡೆಯಿರಿ.

ಯಾವ ಲೈಬ್ರರಿ ಇಲ್ಲ ಎಂದು ತಿಳಿಯಲು ಎಲ್‌ಡಿಡಿ ಕೊಟ್ಟು ‘ನಾಟ್ ಫೌಂಡ್’ ಇರುವ ಸಾಲು ನೋಡಿ, ಎಪಿಟಿ ಮೂಲಕ ಹಾಕಿ. ಜ್ಯಾಮಿ ಮೂಲಸ್ಥಾಪನೆಯಲ್ಲಿ ಯೂನಿವರ್ಸ್ ಎಂಬ ಭಂಡಾರ ತೆರೆದಿರುವುದಿಲ್ಲ. ಪ್ಯಾಕೇಜ್ ಸಿಗಲಿಲ್ಲವೆಂದರೆ ಸೋರ್ಸಸ್.ಲಿಸ್ಟ್‌ನಲ್ಲಿ ಮೇನ್ ಪಕ್ಕ ಆ ಹೆಸರು ಸೇರಿಸಿ.

‘ಕರ್ನಲ್ ಟೂ ಓಲ್ಡ್’ ಎಂದು ಬಂದರೆ ಜಿಲಿಬ್‌ಸಿಗೆ ತಾನು ಕಂಡ ಲಿನಕ್ಸ್ ಆವೃತ್ತಿ ಸಾಲಲಿಲ್ಲ. ಪದರ ಹೇಳಿಕೊಳ್ಳುವ ಆವೃತ್ತಿ ಕಂಪ್ಯಾಟ್.ಲಿನಕ್ಸ್.ಓಎಸ್‌ರಿಲೀಸ್ ಎಂಬ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಬೆಲೆಯಲ್ಲಿದೆ, ಅದನ್ನು ಬದಲಿಸಬಹುದು. ಆದರೆ ದೊಡ್ಡ ಸಂಖ್ಯೆ ಬರೆದರೆ ಹೊಸ ಸೌಲಭ್ಯ ಹುಟ್ಟುವುದಿಲ್ಲ. ಪ್ರೋಗ್ರಾಂ ಆ ಸಂಖ್ಯೆ ನಂಬಿ ಇಲ್ಲದ ಸಿಸ್ಟಂ ಕಾಲ್ ಕರೆದು ಬೀಳುತ್ತದೆ. 14 ಸರಣಿಯಲ್ಲಿ ಮೊದಲೇ ಇರುವ ಬೆಲೆಯನ್ನು ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಇವೆಲ್ಲ ದಾಟಿಯೂ ನಿಂತರೆ ಹೊರಗಿನ ಟರ್ಮಿನಲ್‌ನಲ್ಲಿ ಡಿಮೆಸೇಜ್ (ಡಿ ಆದ ಮೇಲೆ ಎಂಇಎಸ್‌ಜಿ) ಕೊಟ್ಟು ಕೊನೆಯ ಸಾಲುಗಳನ್ನು ಓದಿ. ‘ಸಿಸ್‌ಕಾಲ್ ಇಂಥದ್ದು ನಾಟ್ ಇಂಪ್ಲಿಮೆಂಟೆಡ್’ ಎಂದು ಪ್ರೋಗ್ರಾಂ ಹೆಸರಿನೊಂದಿಗೆ ಬರೆದಿರುತ್ತದೆ. ಆ ಸಾಲು ಕಂಡ ಮಾತ್ರಕ್ಕೆ ಅದೇ ಕಾರಣ ಎಂದು ತೀರ್ಮಾನಿಸಬೇಡಿ. ಒಳ್ಳೆಯ ಪ್ರೋಗ್ರಾಂ ಹೊಸ ಕಾಲ್ ಸಿಗದಿದ್ದರೆ ಹಳೆಯದನ್ನು ಬಳಸುತ್ತದೆ. ಐಓ_ಯುರಿಂಗ್ ಇಲ್ಲವೆಂದರೆ ಈಪೋಲ್‌ಗೆ ಇಳಿಯುವುದು, ಡೈರೆಕ್ಟರಿ ಬದಲಾದಾಗ ತಿಳಿಸುವ ಇನೋಟಿಫೈ ಸಿಗದಿದ್ದರೆ ಆಗಾಗ ಡೈರೆಕ್ಟರಿ ತಾನೇ ನೋಡುವುದು ಮಾಮೂಲು. ಖಚಿತವಾಗಿ ತಿಳಿಯಬೇಕೆಂದರೆ ಪ್ರತಿ ಸಿಸ್ಟಂ ಕಾಲನ್ನೂ ಬರೆದಿಡುವ ಟ್ರಸ್ ಓಡಿಸಿ:

ಟ್ರಸ್ -ಎಫ್ -ಓ /ಟಿಎಂಪಿ/ಜಾಡು ಚ್‌ರೂಟ್ /ಕಂಪ್ಯಾಟ್/ಉಬುಂಟು /ಓಪಿಟಿ/ತೂಕ

ಸತ್ತ ಜಾಗದಿಂದ ಹಿಂದಕ್ಕೆ ಓದುತ್ತ ಬನ್ನಿ. ಕೊನೆಯ ದೋಷ ‘ಕಡತವಿಲ್ಲ’ ಎಂದಿದ್ದರೆ ದಾರಿ ತಪ್ಪಿದೆ, ‘ಅನುಮತಿಯಿಲ್ಲ’ ಎಂದಿದ್ದರೆ ಹಕ್ಕಿನ ಪ್ರಶ್ನೆ. ಇವೆರಡಕ್ಕೂ ಪದರವನ್ನು ದೂರಬೇಡಿ. ‘ಆ ಕಾಲ್ ಇಲ್ಲ’ ಎಂಬ ದೋಷ ಲಿನಕ್ಸ್‌ನಲ್ಲಿ 38, ಫ್ರೀಬಿಎಸ್‌ಡಿಯಲ್ಲಿ 78. ಲಿನಕ್ಸ್ ಪ್ರೋಗ್ರಾಂನ ಜಾಡಿನಲ್ಲಿ ಹುಡುಕಬೇಕಾದದ್ದು 38.

ಕ್ರೋಮ್, ಎಲೆಕ್ಟ್ರಾನ್ ಆಧಾರದ ಪ್ರೋಗ್ರಾಂಗಳು ಲಿನಕ್ಸ್‌ನ ನೇಮ್‌ಸ್ಪೇಸ್ ಸೌಲಭ್ಯದಿಂದ ತಮ್ಮ ಸುತ್ತ ಬೇಲಿ ಹಾಕಿಕೊಳ್ಳುತ್ತವೆ, ಅದು ಇಲ್ಲಿಲ್ಲ. --ನೋ-ಸ್ಯಾಂಡ್‌ಬಾಕ್ಸ್ ಕೊಟ್ಟರೆ ಓಡಬಹುದು, ಆದರೆ ಬೇಲಿಯಿಲ್ಲದ ಬ್ರೌಸರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಡಾಕರ್ ಎಂಜಿನ್ ಓಡುವುದೇ ಇಲ್ಲ, ಅದಕ್ಕೆ ನೇಮ್‌ಸ್ಪೇಸ್, ಸಿಗ್ರೂಪ್ ಎರಡೂ ಬೇಕು.

ಹಂತ 7: ಸೀರಿಯಲ್ ಪೋರ್ಟ್, ಗಡಿಯಾರ, ಕನ್ನಡ

ತೂಕದ ಯಂತ್ರ, ತೇವಾಂಶ ಮಾಪಕ ಜೋಡಿಸುವವರು ಎಡವುವುದು ಸಾಧನದ ಹೆಸರಿನಲ್ಲಿ. ಲಿನಕ್ಸ್‌ನ ಟಿಟಿವೈಎಸ್0 ಇಲ್ಲಿ ಕ್ಯುಆವು0, ಅಂದರೆ ಸಿ-ಯು-ಎ-ಯು-ಸೊನ್ನೆ, ಎಲ್ಲ ಸಣ್ಣಕ್ಷರ. ಯುಎಸ್‌ಬಿ ಕೇಬಲ್‌ನ ಪೋರ್ಟ್‌ಗೂ ಅದೇ ಅಕ್ಷರಗಳು, ಆದರೆ ಎರಡನೇ ಯು ದೊಡ್ಡಕ್ಷರ. ಇವೆರಡರ ಅದಲುಬದಲಿನಿಂದ ‘ಯಂತ್ರ ಉತ್ತರಿಸುತ್ತಿಲ್ಲ’ ಎನ್ನುವವರು ಬಹಳ. ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಪೋರ್ಟ್ ಹೆಸರು ಬದಲಿಸಲು ಬಂದರೆ ಫ್ರೀಬಿಎಸ್‌ಡಿ ಹೆಸರನ್ನೇ ಬರೆಯಿರಿ. ಬರದಿದ್ದರೆ ಉಬುಂಟುವಿನ ಡೆವ್ ಒಳಗೆ ಎಲ್‌ಎನ್ -ಎಸ್ ಮೂಲಕ ಟಿಟಿವೈಯುಎಸ್‌ಬಿ0 (ಯುಎಸ್‌ಬಿ ದೊಡ್ಡಕ್ಷರ) ಎಂಬ ಕೊಂಡಿ ಮಾಡಿ. ಡೆವ್‌ಎಫ್‌ಎಸ್ ಪ್ರತಿ ಬೂಟ್‌ಗೂ ಹೊಸದಾಗುವುದರಿಂದ ಕೊಂಡಿಯೂ ಹೋಗುತ್ತದೆ, ಹಾಗಾಗಿ ಆ ಆಜ್ಞೆಯನ್ನು ಎಂಟನೇ ಹಂತದ ಸ್ಕ್ರಿಪ್ಟಿಗೆ ಹಾಕಿ.

ಪ್ರೋಗ್ರಾಂ ಅನ್ನು ದೂರುವ ಮೊದಲು ಹೊರಗಿನಿಂದಲೇ ತಂತಿ ಪರೀಕ್ಷಿಸಿ: ಸಿಯು -ಎಲ್ ಪೋರ್ಟ್‌ನ ದಾರಿ -ಎಸ್ 9600. 9600ರ ಜಾಗಕ್ಕೆ ನಿಮ್ಮ ಯಂತ್ರದ ಕೈಪಿಡಿ ಹೇಳುವ ವೇಗ. ಅಂಕಿ ಹರಿದುಬಂದರೆ ತಂತಿ, ವೇಗ ಎರಡೂ ಸರಿ. ಹೊರಬರಲು ಅಲೆಗೆರೆ, ಚುಕ್ಕಿ. ಅದನ್ನು ಮುಚ್ಚಿದ ಮೇಲಷ್ಟೇ ಪ್ರೋಗ್ರಾಂ ಓಡಿಸಿ.

ಅನುಮತಿಯೂ ಹೀಗೆ ಕೈಕೊಡುತ್ತದೆ. ಫ್ರೀಬಿಎಸ್‌ಡಿಯಲ್ಲಿ ಈ ಪೋರ್ಟ್‌ಗಳು ಡಯಲರ್ ಗುಂಪಿನವು, ಗುಂಪಿನ ಸಂಖ್ಯೆ 68. ಉಬುಂಟುವಿನ ಡಯಲೌಟ್ ಗುಂಪು 20. ಕರ್ನಲ್ ನೋಡುವುದು ಸಂಖ್ಯೆಯನ್ನಾದ್ದರಿಂದ ಚ್‌ರೂಟ್ ಒಳಗೆ ಡಯಲೌಟ್‌ಗೆ ಸೇರಿಸಿ ಫಲವಿಲ್ಲ.

ಚೀಟಿಯಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಬರುತ್ತಿದ್ದರೆ ಒಳಗಿನ ಕಾಲವಲಯ ಹೊಂದಿಸಿಲ್ಲ. /ಯುಎಸ್‌ಆರ್/ಶೇರ್/ಝೋನ್‌ಇನ್ಫೋ/ಏಷ್ಯಾ/ಕೋಲ್ಕತಾ (ಏಷ್ಯಾದ ಎ, ಕೋಲ್ಕತಾದ ಕೆ ದೊಡ್ಡಕ್ಷರ) ಕಡತಕ್ಕೆ ಚ್‌ರೂಟ್ ಒಳಗಿನ /ಇಟಿಸಿ/ಲೋಕಲ್‌ಟೈಮ್‌ನಿಂದ ಕೊಂಡಿ ಹಾಕಿ. ಬೆಳೆಗಾರರ ಹೆಸರು ಕನ್ನಡದಲ್ಲಿದ್ದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಲ್ಯಾಂಗ್ ಎಂಬ ಪರಿಸರ ಬೆಲೆಯನ್ನು ಸಿ.ಯುಟಿಎಫ್-8 ಎಂದು ಕೊಟ್ಟು ನೋಡಿ (ಹೆಸರು, ಬೆಲೆ ಎರಡೂ ದೊಡ್ಡಕ್ಷರ), ಅದು ಮೂಲಸ್ಥಾಪನೆಯಲ್ಲೇ ಇದೆ.

ಹಂತ 8: ತಾನಾಗಿ ಶುರುವಾಗುವಂತೆ

ಚ್‌ರೂಟ್ ಒಳಗೆ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ವ್ಯವಸ್ಥೆ) ಓಡುವುದಿಲ್ಲ, ಆದ್ದರಿಂದ ಸರ್ವಿಸ್ ಕಡತ ಬರೆದು ಪ್ರಯೋಜನವಿಲ್ಲ. ಫ್ರೀಬಿಎಸ್‌ಡಿಯ ಡೀಮನ್ ಆಜ್ಞೆಯೇ ಸಾಕು. ಇದನ್ನು ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಡಿ:

/ಯುಎಸ್‌ಆರ್/ಎಸ್‌ಬಿನ್/ಡೀಮನ್ -ಆರ್ -ಪಿ /ವಾರ್/ರನ್/ತೂಕ.ಪಿಡ್ -ಓ /ವಾರ್/ಲಾಗ್/ತೂಕ.ಲಾಗ್ /ಯುಎಸ್‌ಆರ್/ಎಸ್‌ಬಿನ್/ಚ್‌ರೂಟ್ -ಯು 1001 -ಜಿ 1001 -ಜಿ 68 /ಕಂಪ್ಯಾಟ್/ಉಬುಂಟು /ಓಪಿಟಿ/ತೂಕ

ಪಿ ದೊಡ್ಡಕ್ಷರ. ಮೊದಲ ಜಿ ಸಣ್ಣದು, ಎರಡನೆಯದು ದೊಡ್ಡದು, ಅದು ಹೆಚ್ಚುವರಿ ಗುಂಪಿಗೆ. 1001ರ ಬದಲು ನಿಮ್ಮ ಬಳಕೆದಾರರ ಸಂಖ್ಯೆ. ರೂಟ್ ಆಗಿ ಓಡಿಸಬೇಡಿ, ಚ್‌ರೂಟ್ ಎಂಬುದು ಕಾವಲಲ್ಲ. ಸ್ಕ್ರಿಪ್ಟನ್ನು ರೂಟ್‌ನ ಕ್ರಾನ್‌ಟ್ಯಾಬ್‌ನಲ್ಲಿ @ರೀಬೂಟ್ ಎಂದು ಹಾಕಿ. ಆರ್‌ಸಿ.ಲೋಕಲ್ ಬಳಸದಿರಲು ಕಾರಣವಿದೆ: ಬೂಟ್ ಆಗುವಾಗ ಅದು ಲೇಟ್ ಮೌಂಟ್‌ಗಳ ನಂತರವೇ ಓಡುತ್ತದೆಂಬ ಖಾತ್ರಿಯಿಲ್ಲ. ಕ್ರಾನ್ ಅವುಗಳ ನಂತರವೇ ಏಳುತ್ತದೆ.

ಒಳಗಿನ ಉಬುಂಟುವನ್ನು ಫ್ರೀಬಿಎಸ್‌ಡಿ-ಅಪ್‌ಡೇಟ್ ಆಗಲಿ ಪಿಕೆಜಿ ಆಗಲಿ ನೋಡಿಕೊಳ್ಳುವುದಿಲ್ಲ. ಪಿಕೆಜಿ ಆಡಿಟ್‌ಗೂ ಅದರ ದೌರ್ಬಲ್ಯಗಳು ಕಾಣವು. ತಿಂಗಳಿಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದು ಒಳಗೆ ಹೋಗಿ ಎಪಿಟಿ ಅಪ್‌ಡೇಟ್, ಎಪಿಟಿ ಅಪ್‌ಗ್ರೇಡ್ ನೀವೇ ಮಾಡಬೇಕು.

ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಇರುವವರಿಗೆ

ನೆಟ್‌ಬಿಎಸ್‌ಡಿಯಲ್ಲಿ ಇದೇ ಬಗೆಯ ಪದರವಿದೆ. ಮಾಡ್‌ಲೋಡ್ ಕಂಪ್ಯಾಟ್_ಲಿನಕ್ಸ್ ಎಂದು ಹತ್ತಿಸಬೇಕು, ಲೈಬ್ರರಿಗಳು /ಎಮ್ಯುಲ್/ಲಿನಕ್ಸ್ ಕೆಳಗೆ ಸುಸೆ ಪ್ಯಾಕೇಜುಗಳಿಂದ ಬರುತ್ತವೆ, ಪ್ರೊಕ್ ಅನ್ನು ಲಿನಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡಬೇಕು. ಆರನೇ ಹಂತದಲ್ಲಿ ದೋಷ ನೋಡಿದ ಕ್ರಮ ಅಲ್ಲಿಗೂ ಹೊಂದುತ್ತದೆ.

ಓಪನ್‌ಬಿಎಸ್‌ಡಿಯಲ್ಲಿ ಹುಡುಕಬೇಡಿ. 2016ರ 6.0 ಆವೃತ್ತಿಯಲ್ಲಿ ಲಿನಕ್ಸ್ ಪದರವನ್ನು ತೆಗೆದುಹಾಕಿದರು. ಸಿಸ್ಟಂ ಕಾಲ್ ಸಂಖ್ಯೆಗಳು ಸ್ಥಿರವಾಗಿರಬೇಕು ಎಂದೂ ಅವರು ಮಾತು ಕೊಟ್ಟಿಲ್ಲ, ತಮ್ಮದೇ ಹಳೆಯ ಬೈನರಿಗಳನ್ನೂ ಹೊಸ ಆವೃತ್ತಿಗೆ ಮತ್ತೆ ಕಟ್ಟಿಕೊಳ್ಳಿ ಎನ್ನುತ್ತಾರೆ. ಭದ್ರತೆಗಾಗಿ ತಿಳಿದೇ ಮಾಡಿದ ಆಯ್ಕೆ ಅದು, ಗೌರವಿಸಬೇಕಾದದ್ದೇ. ಲಿನಕ್ಸ್ ಪದರ ಬರೆಯಲು ಸಾಧ್ಯವಾದದ್ದು ಲಿನಕ್ಸ್ ಕರ್ನಲ್ ಬಳಗ ತನ್ನ ಸಿಸ್ಟಂ ಕಾಲ್‌ಗಳನ್ನು ಮುರಿಯುವುದಿಲ್ಲ ಎಂಬ ನಿಯಮಕ್ಕೆ ಅಂಟಿಕೊಂಡದ್ದರಿಂದ. ತಿರುಗುಮುರುಗಾಗಿ, ಫ್ರೀಬಿಎಸ್‌ಡಿ ಬೈನರಿಯನ್ನು ಲಿನಕ್ಸ್‌ನಲ್ಲಿ ಓಡಿಸುವ ಪದರ ಲಿನಕ್ಸ್ ಕರ್ನಲ್‌ನಲ್ಲಿಲ್ಲ.

ಪದರ ಸಾಲದಿದ್ದಾಗ

ಕರ್ನಲ್ ಮಾಡ್ಯೂಲ್, ಡಾಕರ್, ಲೈಸೆನ್ಸ್ ಡಾಂಗಲ್ ಬೇಕಾದವರು ಲಿನಕ್ಸ್ಯುಲೇಟರ್ ಜೊತೆ ಗುದ್ದಾಡದೆ ಫ್ರೀಬಿಎಸ್‌ಡಿಯದೇ ವರ್ಚುವಲ್ ಮೆಷಿನ್ ತಂತ್ರಾಂಶವಾದ ಬೀಹೈವ್‌ನಲ್ಲಿ (ಬಿ-ಎಚ್-ವೈ-ವಿ-ಇ) ನಿಜವಾದ ಲಿನಕ್ಸ್ ವರ್ಚುವಲ್ ಮೆಷಿನ್ ಹಾಕಿ. ಡಾಂಗಲ್ ಒಂದನ್ನೇ ಒಳಗೆ ಕೊಡಲು ಬರುವುದಿಲ್ಲ, ಯುಎಸ್‌ಬಿ ಕಂಟ್ರೋಲರನ್ನೇ ಪೂರ್ತಿ ಬಿಟ್ಟುಕೊಡಬೇಕು. ಬೀಹೈವ್‌ಗೆ ಇಂಟೆಲ್ ಆದರೆ ಇಪಿಟಿ ಮತ್ತು ಅನ್‌ರಿಸ್ಟ್ರಿಕ್ಟೆಡ್ ಗೆಸ್ಟ್ (ಯುಜಿ) ಸೌಲಭ್ಯ, ಎಎಂಡಿ ಆದರೆ ಆರ್‌ವಿಐ ಇರುವ ಪ್ರೊಸೆಸರ್ ಬೇಕು. ಯಂತ್ರ ಹಳೆಯದಾದರೆ /ವಾರ್/ರನ್/ಡಿಮೆಸೇಜ್.ಬೂಟ್ ಕಡತದಲ್ಲಿ ವಿಟಿ-ಎಕ್ಸ್ ಎಂಬ ಸಾಲು ಹುಡುಕಿ ಅದರ ಪಕ್ಕ ಇಪಿಟಿ, ಯುಜಿ ಎರಡೂ ಇವೆಯೇ ಮೊದಲು ನೋಡಿಕೊಳ್ಳಿ. ಸಾಲೇ ಕಾಣದಿದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆಫ್ ಆಗಿರಬಹುದು, ಆನ್ ಮಾಡಿ ಮತ್ತೊಮ್ಮೆ ನೋಡಿ.